ಅಪ್‌ಡೇಟ್: ಮಗನ ಹೊಕ್ಕುಳ ಸುತ್ತ ನೋವು, ಅಪೆಂಡಿಕ್ಸ್ ಆಗಿತ್ತು
ಹೋದ ವಾರ ಕೇಳಿದ್ನಲ್ಲ, 8 ವರ್ಷದ ಮಗನಿಗೆ ಹೊಕ್ಕುಳ ಸುತ್ತ ನೋವು, ಜಂತುಹುಳನಾ ಗ್ಯಾಸಾ ಅಂತ. ಅತ್ತೆ ಬಟ್ಟಿ (ಹೊಕ್ಕುಳ) ಸರಿದಿದೆ, ಎಣ್ಣೆ ಹಚ್ಚಿ ತಿಕ್ಕಿಸೋಣ ಅಂದ್ರು, ನಾನು ಓಮಿನ ನೀರು ಕುಡಿಸಿ ಮಲಗಿಸಿದ್ದೆ. ರಾತ್ರಿ ಎರಡು ಸಲ ವಾಂತಿ, ಬೆಳಿಗ್ಗೆ ಮೈ ಬಿಸಿ, ನೋವು ಬಲಗಡೆ ಕೆಳಹೊಟ್ಟೆಗೆ ಇಳಿದಿತ್ತು, ಬಾತ್‌ರೂಮಿಗೂ ಹೊಟ್ಟೆ ಹಿಡ್ಕೊಂಡು ಬಗ್ಗಿ ನಡೀತಿದ್ದ, ಇಷ್ಟದ ಶಾವಿಗೆ ಉಪ್ಪಿಟ್ಟೂ ಬೇಡ ಅಂದ. ಡಾಕ್ಟ್ರು ಒಂದ್ಸಲ ಎಗರು ಪುಟ್ಟ ಅಂದ್ರೆ ಆಗ್ಲೇ ಇಲ್ಲ. ಸ್ಕ್ಯಾನಲ್ಲಿ ಅಪೆಂಡಿಕ್ಸ್ ಊದಿತ್ತು, ಒಡೆಯೋಕೆ ಮುಂಚೆ ಅವತ್ತೇ ಆಪರೇಷನ್. ಮಕ್ಕಳಿಗೆ ಹೊಕ್ಕುಳ ಸುತ್ತ ನೋವು ಎಷ್ಟೋ ಸಲ ಮಲಬದ್ಧತೆಯಿಂದ್ಲೂ ಬರುತ್ತಂತೆ, ಆದ್ರೆ ನೋವು ಬಲಗಡೆ ಇಳಿದು ವಾಂತಿ ಜ್ವರ ಬಂದ್ರೆ ದಯವಿಟ್ಟು ಕಾಯಬೇಡಿ, ಹೊಟ್ಟೆ ತಿಕ್ಕಬೇಡಿ, ಭೇದಿ ಮಾತ್ರೆ ಕೊಡಬೇಡಿ. ಈಗ ಮನೇಲಿದಾನೆ, ಇವತ್ತು ಗಂಜಿ ಕೇಳಿ ಕುಡಿದ. ಅವತ್ತು ಮೊದ್ಲು ಆಸ್ಪತ್ರೆಗೆ ಹೋಗಿ ಅಂದವರಿಗೆಲ್ಲ ಕೈ ಮುಗೀತೀನಿ.