ಫೋನ್ ಬ್ಯಾಟರಿ, ಚಾರ್ಜಿಂಗ್: ರಿಪೇರಿಯವರನ್ನು ಕೇಳಿ

ರಿಪೇರಿ ಮೇಜು: ನಮಸ್ಕಾರ. ಫೋನ್ ಬಿಚ್ಚಿ ಕಟ್ಟೋದೇ ನನ್ನ ಕೆಲಸ. ಇವತ್ತು ಬಿಡುವಾಗಿದ್ದೀನಿ, ಬ್ಯಾಟರಿ ಬಗ್ಗೆ ಏನಿದ್ರೂ ಕೇಳಿ. ಫಾರ್ವರ್ಡ್ ಮೆಸೇಜ್ ಹಾಕಿ ‘ಇದು ನಿಜಾನಾ’ ಅಂತ ಮಾತ್ರ ಕೇಳಬೇಡಿ.

ನಿದ್ದೆಗಣ್ಣ: ಸರ್, ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗ್ತೀನಿ. ಬ್ಯಾಟರಿ ಹಾಳಾಗುತ್ತಾ?

ರಿಪೇರಿ ಮೇಜು: ತುಂಬಿದ ಮೇಲೆ ಫೋನೇ ಚಾರ್ಜಿಂಗ್ ನಿಲ್ಲಿಸುತ್ತೆ, ಉಕ್ಕಿ ಹರಿಯೋದೇನಿಲ್ಲ. ಆದರೆ ದಿನಾ ನೂರರಲ್ಲೇ ಗಂಟೆಗಟ್ಟಲೆ ನಿಂತರೆ ಬ್ಯಾಟರಿಗೆ ಬೇಗ ವಯಸ್ಸಾಗುತ್ತೆ. ಅದರ ಜೊತೆ ಬಿಸಿಯೂ ಸೇರಿದರೆ ಇನ್ನೂ ಬೇಗ. ಸೆಟ್ಟಿಂಗ್ಸಲ್ಲಿ 80ಕ್ಕೆ ನಿಲ್ಲಿಸೋ ಆಯ್ಕೆ ಇದ್ದರೆ ಆನ್ ಮಾಡಿ. ದಿಂಬಿನ ಕೆಳಗೆ ಇಡಬೇಡಿ.

ಹಳೇ ಹುಲಿ: ನಾವು ಮೊದಲಿಂದಲೂ ಪೂರ್ತಿ ಸೊನ್ನೆಗೆ ಇಳಿಸಿಯೇ ಚಾರ್ಜ್ ಮಾಡೋದು. ಇಲ್ಲಾಂದ್ರೆ ಬ್ಯಾಟರಿ ತನ್ನ ಪೂರ್ತಿ ಸಾಮರ್ಥ್ಯಾನೇ ‘ಮರೆತುಹೋಗುತ್ತೆ’.

ರಿಪೇರಿ ಮೇಜು: ಅದು ನಿಕ್ಕಲ್-ಕ್ಯಾಡ್ಮಿಯಂ ಅನ್ನೋ ಹಳೇ ಜಾತಿಯ ಬ್ಯಾಟರಿ ಕಾಲದ ಮಾತು ಸರ್. ಈಗಿನ ಫೋನಲ್ಲಿರೋ ಲಿಥಿಯಂ-ಅಯಾನ್ ಬ್ಯಾಟರಿ ಮಾರುಕಟ್ಟೆಗೆ ಬಂದಿದ್ದು 1991ರಲ್ಲಿ. ಅದನ್ನು ರೂಪಿಸಿದವರಿಗೆ 2019ರಲ್ಲಿ ನೊಬೆಲ್ಲೂ ಬಂತು. ಆ ಸಲಹೆ ಮಾತ್ರ ಇನ್ನೂ ನಿವೃತ್ತಿ ಆಗಿಲ್ಲ. ಸೊನ್ನೆಗೆ ಇಳಿಸಬೇಡಿ.

ಸುಮ್ನೆ ಕೇಳ್ದೆ: ಬ್ಲೂಟೂತ್ ಇಯರ್‌ಫೋನಲ್ಲಿ ಎಡಗಡೇದು ಮಾತ್ರ ಬೇಗ ಖಾಲಿ ಆಗುತ್ತೆ. ಯಾಕೆ?

ಗೂಡುಗುಬ್ಬಿ: ಮನೇಲಿ ಒಂದು ಹಳೇ ಫೋನಿದೆ, ಮಗು ಕಾರ್ಟೂನ್ ನೋಡೋಕೆ. ಯಾವಾಗಲೂ ಚಾರ್ಜಲ್ಲೇ ಇರುತ್ತೆ. ಈಗ ಸ್ಕ್ರೀನು ಒಂದು ಪಕ್ಕ ಸ್ವಲ್ಪ ಎದ್ದಿದೆ, ಸಂದಿಯಿಂದ ಬೆಳಕು ಕಾಣುತ್ತೆ. ಗಮ್ ಹಾಕಿ ಮೇಲೆ ಭಾರ ಇಟ್ಟರೆ ಕೂತ್ಕೊಳ್ಳುತ್ತಾ?

ರಿಪೇರಿ ಮೇಜು: ಮೇಡಂ, ಭಾರ ಇಡಬೇಡಿ. ಮೊದಲು ಚಾರ್ಜರ್ ಕಿತ್ತು ಫೋನ್ ಆಫ್ ಮಾಡಿ, ಆಮೇಲೆ ಇದನ್ನು ಓದಿ.

ಗಮ್ ಬಿಟ್ಟಿರೋದಲ್ಲ ಅದು, ಬ್ಯಾಟರಿ ಉಬ್ಬಿ ಸ್ಕ್ರೀನನ್ನು ಒಳಗಿಂದ ಎತ್ತುತ್ತಿದೆ. ಫೋನಿನ ಬ್ಯಾಟರಿ ಅಂದರೆ ಒಂದು ತೆಳು ಚೀಲ. ಒಳಗೆ ಎರಡು ಪದರ, ಮಧ್ಯೆ ಕೂದಲಿಗಿಂತ ತೆಳುವಾದ ಪರದೆ, ಸುತ್ತ ಬೆಂಕಿ ಹತ್ತೋ ಜಾತಿಯ ದ್ರವ. ಸದಾ ನೂರರಲ್ಲಿ ನಿಂತು, ಮೇಲೆ ವಿಡಿಯೋ ಓಡ್ತಾ ಬಿಸಿಯಾದರೆ ಆ ದ್ರವ ಒಡೆದು ಗ್ಯಾಸ್ ಆಗುತ್ತೆ. ಗ್ಯಾಸಿಗೆ ದಾರಿ ಇಲ್ಲ, ಚೀಲ ದಿಂಬಿನ ಹಾಗೆ ಊದಿಕೊಳ್ಳುತ್ತೆ. ಈಗ ನೀವು ಮೇಲಿಂದ ಒತ್ತಿದರೆ ನಡುವಿನ ಪರದೆ ಹರೀಬಹುದು. ಹರಿದರೆ ಒಳಗೇ ಶಾರ್ಟ್. ಆ ಬಿಸಿ ತನ್ನಷ್ಟಕ್ಕೆ ತಾನೇ ಏರುತ್ತಾ ಹೋಗುತ್ತೆ, ಸ್ವಿಚ್ ಆರಿಸಿ ನಿಲ್ಲಿಸೋ ಹಾಗಿರಲ್ಲ.

ಫೋನನ್ನು ಟೈಲ್ಸ್ ಅಥವಾ ಕಲ್ಲಿನ ಮೇಲೆ ಇಡಿ. ಹತ್ತಿರ ಕರ್ಟನ್, ಹಾಸಿಗೆ, ಕಾಗದ ಏನೂ ಇರಬಾರದು. ‘ಚಾರ್ಜ್ ಖಾಲಿ ಆಗಲಿ’ ಅಂತ ಮತ್ತೆ ಆನ್ ಮಾಡಬೇಡಿ. ಕಸದ ಬುಟ್ಟಿಗೂ ಹಾಕಬೇಡಿ. ಬ್ಯಾಟರಿ ತೆಗೆಯೋದು ಗೊತ್ತಿರೋರ ಹತ್ತಿರ ಒಯ್ಯಿರಿ. ಮಗು ಕೈಗೆ ಮಾತ್ರ ಬೇಡ.

ತಾರೆ: ನಮ್ಮ ಗ್ರೂಪಲ್ಲಿ ಬಂದಿತ್ತು, ಸೂಜಿಯಿಂದ ಸಣ್ಣ ತೂತು ಮಾಡಿದ್ರೆ ಗ್ಯಾಸ್ ಹೋಗಿ ಚಪ್ಪಟೆ ಆಗುತ್ತಂತೆ. ಆಮೇಲೆ ಒಂದು ರಾತ್ರಿ ಫ್ರೀಜರಲ್ಲಿ ಇಟ್ರೆ ಹೊಸದರ ಥರ.

ರಿಪೇರಿ ಮೇಜು: ದಯವಿಟ್ಟು ಇದನ್ನು ಅಳಿಸಿ. ಸೂಜಿ ಚುಚ್ಚೋದು ಅಂದರೆ ಆ ಪರದೆಯನ್ನು ನಾವೇ ಹರಿದ ಹಾಗೆ. ಫ್ರೀಜರಿಂದ ತೆಗೆದ ಮೇಲೆ ಫೋನಿನ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ನೀರು ಕೂರುತ್ತೆ, ಬ್ಯಾಟರಿ ಒಂದಿಷ್ಟೂ ಹೊಸದಾಗಲ್ಲ. ಬರೆದವನು ಯಾವತ್ತಾದರೂ ಬ್ಯಾಟರಿ ಮುಟ್ಟಿದ್ದಾನಾ?

ತಾರೆ: ನಾನು ಬರೆದಿದ್ದಲ್ಲ, ಬಂದಿದ್ದನ್ನ ಹೇಳ್ದೆ ಅಷ್ಟೆ. ಇಷ್ಟು ಕೋಪ ಯಾಕೆ?

ಎಂಬತ್ತು ಸಾಕು: ಅದಕ್ಕೇ ನಾನು 20ರಿಂದ 80ರ ಒಳಗೇ ಇಟ್ಕೊಂಡಿರೋದು. ಮೂರು ವರ್ಷ ಆಯ್ತು, ಒಂದು ದಿನ ತಪ್ಪಿಲ್ಲ.

ಹಳೇ ಹುಲಿ: ನೂರು ಇರೋ ಫೋನ್ ತಗೊಂಡು ಅರವತ್ತು ಬಳಸೋದು! ಚಾರ್ಜರ್ ಕಾಯೋಕೇ ಒಬ್ಬ ಆಳು ಬೇಕು ನಿಮಗೆ.

ಎಂಬತ್ತು ಸಾಕು: ದಿನಕ್ಕೆ ಮೂರು ಸಲ ಸಿಕ್ಕಿಸಿ ಬ್ಯಾಟರಿಯ ಮೂರು ಚಾರ್ಜಿಂಗ್ ಸೈಕಲ್ ಸುಡೋರು ನೀವು.

ರಿಪೇರಿ ಮೇಜು: ಸೈಕಲ್ ಲೆಕ್ಕ ಹಾಗಲ್ಲ. ಒಟ್ಟು ನೂರು ಶೇಕಡಾ ಖರ್ಚಾದರೆ ಒಂದು ಸೈಕಲ್. ಇವತ್ತು ಐವತ್ತು ಶೇಕಡಾ, ನಾಳೆ ಐವತ್ತು ಖರ್ಚಾದರೆ ಎರಡೂ ಸೇರಿ ಒಂದು. ಎಷ್ಟು ಸಲ ಸಿಕ್ಕಿಸಿದಿರಿ ಅನ್ನೋದು ಮುಖ್ಯ ಅಲ್ಲ.

ಹಳೇ ಹುಲಿ: ಕೇಳಿದ್ರಾ?

ಎಂಬತ್ತು ಸಾಕು: 80ಕ್ಕೆ ನಿಲ್ಲಿಸಿ ಅಂತ ಮೇಲೆ ಅವರೇ ಬರೆದಿದ್ದಾರೆ. ಕನ್ನಡಕ ಹಾಕ್ಕೊಂಡು ಓದಿ.

ಹಳೇ ಹುಲಿ: ವಯಸ್ಸಿಗೆ ಮರ್ಯಾದೆ ಕೊಟ್ಟು ಮಾತಾಡಿ.

ಮಿಂಚು: ನನ್ನದು 18 ವ್ಯಾಟಿನ ಫೋನು, 65 ವ್ಯಾಟಿನ ಚಾರ್ಜರ್ ಹಾಕಿದ್ರೆ ಸುಟ್ಟುಹೋಗುತ್ತಾ?

ರಿಪೇರಿ ಮೇಜು: ಇಲ್ಲ. ಫೋನು ತನಗೆ ಬೇಕಾದಷ್ಟೇ ಎಳ್ಕೊಳ್ಳುತ್ತೆ. ಚಾರ್ಜರ್, ಕೇಬಲ್ ಒಳ್ಳೇದಿರಲಿ.

ಹೊಸಬ: ಸರ್ ರಾತ್ರಿ ಪೂರ್ತಿ ಚಾರ್ಜಿಗೆ ಹಾಕಬಹುದಾ?

ರಿಪೇರಿ ಮೇಜು: ಮೇಲೆ ನೋಡಿ.

ಬೈಕ್ ಸವಾರ: ಮ್ಯಾಪ್ ಹಾಕ್ಕೊಂಡು ಬಿಸಿಲಲ್ಲಿ ಚಾರ್ಜ್ ಮಾಡ್ತಾ ಹೋದ್ರೆ ಪರ್ಸೆಂಟೇ ಏರಲ್ಲ. ಚಾರ್ಜರ್ ಕೆಟ್ಟಿದ್ಯಾ?

ರಿಪೇರಿ ಮೇಜು: ಬಹುಶಃ ಚಾರ್ಜರ್ ಸರಿಯಾಗೇ ಇದೆ. ಬಿಸಿ ಹೆಚ್ಚಾದಾಗ ಫೋನೇ ಚಾರ್ಜಿಂಗ್ ತಗ್ಗಿಸುತ್ತೆ, ತೀರಾ ಹೆಚ್ಚಾದರೆ ನಿಲ್ಲಿಸುತ್ತೆ. 20-80 ಅಂತ ಜಗಳ ಆಡೋರು ಇದನ್ನೂ ಓದಿ: ನೆರಳಲ್ಲಿ ನೂರು ಮಾಡೋದಕ್ಕಿಂತ ಬಿಸಿಲಲ್ಲಿ ಎಂಬತ್ತು ಮಾಡೋದೇ ಹೆಚ್ಚು ಕೆಡುಕಾಗಬಹುದು.

ಎಂಬತ್ತು ಸಾಕು: ನಾನು ಬಿಸಿಲಲ್ಲಿ ಇಡ್ತೀನಿ ಅಂತ ಎಲ್ಲಿ ಹೇಳಿದೆ?

ಸುಮ್ನೆ ಕೇಳ್ದೆ: ಇಯರ್‌ಫೋನ್ ಸರ್? ಎಡಗಡೇದು?

ಇನ್ನೊಬ್ಬ ಹೊಸಬ: ರಾತ್ರಿಯೆಲ್ಲಾ ಚಾರ್ಜ್ ಹಾಕಿದ್ರೆ ಬ್ಲಾಸ್ಟ್ ಆಗುತ್ತಂತೆ ನಿಜಾನಾ?

ರಿಪೇರಿ ಮೇಜು: ಮೂರನೇ ಸಲ. ಉತ್ತರ ಮೊದಲನೆಯದರ ಕೆಳಗಿದೆ. ಗೂಡುಗುಬ್ಬಿ ಮೇಡಂ, ಏನಾಯ್ತು?

ಗೂಡುಗುಬ್ಬಿ: ಆಫ್ ಮಾಡಿದೆ. ಆದರೆ ಮಗು ಹುಟ್ಟಿದಾಗಿನ ಫೋಟೊ ಎಲ್ಲಾ ಅದರಲ್ಲೇ ಇದೆ. ಒಂದೇ ಒಂದು ಸಲ ಆನ್ ಮಾಡಿ ಕಳಿಸ್ಕೊಳ್ಳಲಾ? ಹತ್ತು ನಿಮಿಷ ಸಾಕು.

ರಿಪೇರಿ ಮೇಜು: ಬೇಡ. ಫೋಟೊ ಇರೋದು ಬೋರ್ಡಿನ ಚಿಪ್ಪಲ್ಲಿ, ಬ್ಯಾಟರಿಯಲ್ಲಲ್ಲ. ಹೊಸ ಬ್ಯಾಟರಿ ಹಾಕಿ ಆನ್ ಮಾಡಿದರೆ ಅಲ್ಲೇ ಇರುತ್ತವೆ. ರಿಪೇರಿಗೆ ಕೊಡುವಾಗ ‘ರೀಸೆಟ್ ಮಾಡಬೇಡಿ’ ಅಂತ ಮೊದಲೇ ಹೇಳಿ. ಈಗ ಎಲ್ಲಿಟ್ಟಿದ್ದೀರಿ?

ಗೂಡುಗುಬ್ಬಿ: ಬಾಲ್ಕನಿಯಲ್ಲಿ, ಟೈಲ್ಸ್ ಮೇಲೆ.

ರಿಪೇರಿ ಮೇಜು: ಬೆಳಗ್ಗೆ ಬಿಸಿಲು ಬೀಳುತ್ತಾ ಅಲ್ಲಿ?

ಗೂಡುಗುಬ್ಬಿ: ಅಯ್ಯೋ, ನೇರವಾಗಿ ಬೀಳುತ್ತೆ.

ರಿಪೇರಿ ಮೇಜು: ಹಾಗಾದ್ರೆ ಈಗಲೇ ನೆರಳಿಗೆ ಇಡಿ. ಒತ್ತದೆ, ಬಗ್ಗಿಸದೆ ಎತ್ತಿ.