ಮ್ಯೂನಿಕ್‌ನಲ್ಲಿ ತಮ್ಮನ ಬರ್ತ್‌ಡೇ ಊಟ, ತೀರ್ಥಹಳ್ಳಿಯಿಂದ ವಿಡಿಯೋ ಕಾಲ್: ಎಷ್ಟು ಗಂಟೆಗೆ?

ತುಂಗಾತೀರ: ತಮ್ಮ ಮ್ಯೂನಿಕ್‌ನಲ್ಲಿ ಓದ್ತಿದ್ದಾನೆ. ನವೆಂಬರ್ 22ಕ್ಕೆ ಹುಟ್ಟುಹಬ್ಬ, ಏಳೆಂಟು ಜನ ಹೊರಗೆ ಊಟಕ್ಕೆ ಹೋಗ್ತಾರಂತೆ. ಕೇಕ್ ಕತ್ತರಿಸುವಾಗ ನಾವೂ ಕಾಲ್‌ನಲ್ಲಿರಬೇಕು. ಇಲ್ಲಿ ಕರೆಂಟ್ ಯಾವಾಗ ಹೋಗ್ತದೋ ಹೇಳಲಿಕ್ಕಾಗಲ್ಲ.

ಘಟ್ಟದಮೇಲೆ: ಚಳಿಗಾಲದಲ್ಲಿ ಜರ್ಮನಿ ನಮಗಿಂತ 4.30 ಗಂಟೆ ಹಿಂದೆ, ಬೇಸಿಗೆಯಲ್ಲಿ 3.30. ಅಲ್ಲಿನ ನಡುರಾತ್ರಿಗೆ ಕಾದ್ರೆ ನಿಮಗೆ ಬೆಳಗಿನ ಜಾವ 4.30. ಅದರ ಬದಲು 22ರ ಸಂಜೆ 6.30ಕ್ಕೆ ಟೇಬಲ್ ಹಿಡಿಯಲಿ, ಇಲ್ಲಿ ರಾತ್ರಿ 11. ಅಡಿಕೆ ಸುಲಿಯುವ ಕಾಲ, ಮನೆಯವರು ಹೇಗೂ ಎದ್ದಿರ್ತಾರೆ. 21ಕ್ಕೇ ಆಚರಿಸೋದು ಬೇಡ: ಮುಂಚಿತವಾಗಿ ಶುಭಾಶಯ ಹೇಳೋದು ಅಲ್ಲಿ ಅಪಶಕುನ.

ಕೊಪ್ಪದವ: ಬಿಲ್ ವಿಷಯ ಮೊದಲೇ ಮಾತಾಡಿಕೊಳ್ಳಲಿ ಮಾರಾಯ್ರೆ. ಅಲ್ಲಿ ಹುಟ್ಟುಹಬ್ಬದವನು ಊಟಕ್ಕೆ ಕರೆದ್ರೆ ಸಾಮಾನ್ಯವಾಗಿ ಅವನೇ ಕೊಡ್ತಾನೆ ಅಂತ ಲೆಕ್ಕ. ಹೊರಗಿನ ಕೇಕ್ ತರಬಹುದಾ ಅಂತ ಟೇಬಲ್ ಕಾಯ್ದಿರಿಸುವಾಗಲೇ ಕೇಳಬೇಕು. ಟಿಪ್ಸ್ 5ರಿಂದ 10 ಪರ್ಸೆಂಟ್. ಮೇಜಿನ ಮೇಲೆ ಬಿಟ್ಟು ಬರೋದಲ್ಲ, ದುಡ್ಡು ಕೊಡುವಾಗಲೇ ಒಟ್ಟು ಮೊತ್ತ ಹೇಳೋದು. ಕೈಯಲ್ಲಿ ನಗದೂ ಇರಲಿ. ಊಟ ಮುಗಿಸಿ ರೂಮಲ್ಲಿ ಹಾಡು ಬೇಡ, ರಾತ್ರಿ 10ರ ಮೇಲೆ ಗಲಾಟೆ ಆದ್ರೆ ಪಕ್ಕದವರು ಪೊಲೀಸರನ್ನೇ ಕರೀಬಹುದು.

ಮಳೆಬಿಲ್ಲು: ಕರೆಂಟಿಗೆ ರೂಟರಿನ ಮಿನಿ ಯುಪಿಎಸ್ ಸಾಕು. ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟ್ ನೋಡಿ ತಗೊಳ್ಳಿ. 9 ವೋಲ್ಟಿನ ರೂಟರಿಗೆ 12 ಕೊಟ್ರೆ ಸುಟ್ಟು ಹೋಗಬಹುದು. ಫೈಬರ್ ಡಬ್ಬಿ ಬೇರೆ ಇದ್ರೆ ಅದಕ್ಕೂ ಬ್ಯಾಕಪ್ ಬೇಕು, ಇಲ್ಲದಿದ್ರೆ ವೈಫೈ ತೋರಿಸ್ತದೆ, ನೆಟ್ ಇರಲ್ಲ. ಹಿಂದಿನ ದಿನ ಮೇನ್ ಸ್ವಿಚ್ ಆಫ್ ಮಾಡಿ ಅರ್ಧ ಗಂಟೆ ಕಾಲ್ ಮಾಡಿ ನೋಡಿ.