ಭಾನುವಾರ ಡಿಡಿ ತಂದು ಕಾರು ತಗೊಂಡು ಹೋಗ್ತೀನಿ ಅಂತಿದ್ದಾರೆ, ಕೊಡಬಹುದಾ?

ಆಲ್ದೂರು ಕಣ

ಎಲ್ಲರಿಗೂ ನಮಸ್ಕಾರ. ಅಪ್ಪನ ವ್ಯಾಗನ್ ಆರ್ ಮಾರುತ್ತಿದ್ದೇವೆ. 2014ರ ಗಾಡಿ, ಕೆಎ 18, ಒಬ್ಬರೇ ಓನರ್, ಸಾಲ ಏನೂ ಇಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಅಪ್ಪ ಓಡಿಸುತ್ತಿಲ್ಲ, ಸುಮ್ನೆ ಶೆಡ್ಡಿನಲ್ಲಿ ನಿಂತಿದೆ. ಆನ್‌ಲೈನ್‌ನಲ್ಲಿ ಹಾಕಿದ್ದು ನೋಡಿ ಬೆಂಗಳೂರಿನ ಒಬ್ಬರು ಫೋನ್ ಮಾಡಿದರು. ಒಂದು ಸಲ ಬಂದು ಓಡಿಸಿ ನೋಡಿಕೊಂಡೂ ಹೋದರು. 2,40,000ಕ್ಕೆ ಮಾತಾಗಿದೆ.

ಈಗ ಅವರು ಬರುವುದು ಭಾನುವಾರ ಸಂಜೆ. "ಅವತ್ತು ಬ್ಯಾಂಕ್ ರಜೆ, ಅದಕ್ಕೇ ಡಿಡಿ ಮಾಡಿಸಿ ತರುತ್ತೇನೆ, ಡಿಡಿ ಬೌನ್ಸ್ ಆಗುವ ಮಾತೇ ಇಲ್ಲ" ಅನ್ನುತ್ತಾರೆ. ಬೇಡ ಅಂದರೆ ಪೂರ್ತಿ ಕ್ಯಾಶ್ ಕೊಡುತ್ತಾರಂತೆ. ಯಾವುದನ್ನು ಒಪ್ಪಿಕೊಳ್ಳಲಿ?

ಇನ್ನೊಂದು ಪೇಚು ಇದೆ. ನಮ್ಮ ಮನೆ ತೋಟದೊಳಗೆ. ಕಾಫಿ ಕಣದ ಮೂಲೆಗೆ ಹೋಗಿ ನಿಂತರೆ ಒಂದು ಕಡ್ಡಿ ಸಿಗ್ನಲ್ ಬರುತ್ತದೆ, ಮಳೆ ಹಿಡಿದರೆ ಅದೂ ಇಲ್ಲ. ಆರ್‌ಸಿ ಅಪ್ಪನ ಹೆಸರಲ್ಲಿದೆ, ಅಪ್ಪನ ಖಾತೆಗೆ ಪಾಸ್‌ಬುಕ್ ಬಿಟ್ಟರೆ ಬೇರೇನೂ ಇಲ್ಲ, ಮೆಸೇಜ್ ಕೂಡ ಬರುವುದಿಲ್ಲ. ಮನೆ ಬಾಗಿಲಿಗೆ ಬಂದವರನ್ನು ಅನುಮಾನದಿಂದ ನೋಡಬಾರದು ಅಂತ ಅಪ್ಪ. ನನಗೆ ಯಾಕೋ ಧೈರ್ಯ ಸಾಲುತ್ತಿಲ್ಲ.

ಹಾಸನ ಬಿ.ಎಂ. ರಸ್ತೆ

ತಂಗಿ ಅಂತಲೋ ತಮ್ಮ ಅಂತಲೋ ಗೊತ್ತಿಲ್ಲ, ದಯವಿಟ್ಟು ಭಾನುವಾರ ಸಂಜೆ ಬೇಡ. ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ.

ನಮ್ಮಣ್ಣ ತನ್ನ ಆಲ್ಟೊ ಮಾರಿದ. ಅಡ್ವಾನ್ಸ್ 50,000 ಮೊದಲೇ ಬಂದಿತ್ತು, ಆ ನಂಬಿಕೆಯೇ ಮುಳುಗಿಸಿತು. ಬಾಕಿ 1,10,000. ಗಾಡಿ ತಗೊಂಡು ಹೋಗಲು ಬಂದವನು ಕತ್ತಲಾದ ಮೇಲೆ ಬಂದ, ಹೊರಗೆ ಮಳೆ. ವರಾಂಡದಲ್ಲಿ ನಿಂತು ಫೋನ್ ತೋರಿಸಿದ. ಹಸಿರು ಟಿಕ್, ಅಣ್ಣನ ಹೆಸರು, ಮೊತ್ತ, ಎಲ್ಲ ಸರಿ ಇತ್ತು. ಅಣ್ಣನ ಫೋನಿಗೂ ಒಂದು ಮೆಸೇಜ್ ಬಂತು, ಇಷ್ಟು ರೂಪಾಯಿ ಜಮಾ ಆಗಿದೆ ಅಂತ. ಆ ಮೆಸೇಜ್ ಬಂದಿದ್ದು ಯಾರದೋ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಅಂತ ನಾವು ನೋಡಿದ್ದು ಮಾರನೇ ದಿನ ಬೆಳಿಗ್ಗೆ. ಬ್ಯಾಂಕಿನ ಮೆಸೇಜ್ ಹಾಗೆ ಬರುವುದಿಲ್ಲ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಅವನು ಬರುವ ಮೊದಲೇ ಅಣ್ಣ ಡೆಲಿವರಿ ನೋಟ್ ಬರೆದು ಇಟ್ಟಿದ್ದ. ಅದರಲ್ಲಿ "ಪೂರ್ತಿ ಹಣ ಸಂದಿದೆ" ಅಂತಿತ್ತು, ಕೆಳಗೆ ಅಣ್ಣನ ಸಹಿ. ಸ್ಟೇಷನ್ನಿಗೆ ಹೋದಾಗ ಆ ಮನುಷ್ಯ ಅದೇ ಕಾಗದ ತೋರಿಸಿ, ಬಾಕಿ ಕ್ಯಾಶ್ ಕೊಟ್ಟಿದ್ದೇನೆ ಅಂದ. ಅಣ್ಣನ ಕೈಯಲ್ಲಿ ಅದಕ್ಕೆ ಉತ್ತರವೇ ಇರಲಿಲ್ಲ. ಆ ಒಂದು ಸಾಲನ್ನು ದುಡ್ಡು ಖಾತೆಯಲ್ಲಿ ಕಂಡ ಮೇಲೆ ಬರೆಯಿರಿ. ಮೊದಲೇ ಬರೆದು ಇಡಲೇಬೇಡಿ.

ಕೌಂಟರ್ ಆಚೆಯಿಂದ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಓದಿ.

ಡಿಡಿ ಬೌನ್ಸ್ ಆಗುವುದಿಲ್ಲ ಅನ್ನುವುದು ಅಸಲಿ ಡಿಡಿ ಮಟ್ಟಿಗೆ ನಿಜ. ಕೈಯಲ್ಲಿರುವುದು ಅಸಲಿಯೋ ಅಲ್ಲವೋ ಅಂತ ಭಾನುವಾರ ನಿಮಗೆ ಹೇಳುವವರು ಯಾರೂ ಇರುವುದಿಲ್ಲ. ಅದೇ ಅದರ ತೊಂದರೆ. ಕಲರ್ ಪ್ರಿಂಟ್ ತೆಗೆದ ಡಿಡಿ ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಡಿಡಿಯೇ ಬೇಕು ಅಂದರೆ ಕೆಲಸದ ದಿನ ಅವರ ಜೊತೆ ಅದೇ ಶಾಖೆಗೆ ಹೋಗಿ, ನಿಮ್ಮ ಕಣ್ಣೆದುರು ಮಾಡಿಸಿ. ಇಲ್ಲವಾದರೆ ಅದನ್ನು ಅಪ್ಪನ ಖಾತೆಗೆ ಹಾಕಿ, ಕ್ಲಿಯರ್ ಆಗುವ ತನಕ ಗಾಡಿ ನಿಮ್ಮ ಶೆಡ್ಡಿನಲ್ಲೇ ಇರಲಿ. ಡಿಡಿ ಮೇಲೆ ಅಥವಾ ಅವರು ಕೊಟ್ಟ ಚೀಟಿಯಲ್ಲಿ ಇರುವ ನಂಬರಿಗೆ ಫೋನ್ ಮಾಡಿ ವಿಚಾರಿಸಿದರೆ ಆ ಕಡೆ ಅವರದೇ ಜನ ಎತ್ತಬಹುದು, ಶಾಖೆಯ ನಂಬರ್ ನೀವೇ ಹುಡುಕಿ.

ಪೂರ್ತಿ ಕ್ಯಾಶ್ ಬೇಡವೇ ಬೇಡ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ ಅಂತ 2017ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನಿನಲ್ಲಿದೆ. ದಂಡ ಬೀಳುವುದು ತಗೊಂಡವರಿಗೆ, ಅದೂ ತಗೊಂಡಷ್ಟೇ ಮೊತ್ತದ ದಂಡ. ಇವತ್ತು ಅರ್ಧ ನಾಳೆ ಅರ್ಧ ಅಂತ ಭಾಗ ಮಾಡಿದರೂ ಒಂದೇ ವ್ಯವಹಾರ ಅಂತ ಲೆಕ್ಕ.

ಬ್ಯಾಂಕ್ ರಜೆ ಅನ್ನುವ ನೆಪವೂ ನಿಲ್ಲುವುದಿಲ್ಲ. ಮೊಬೈಲ್ ಅಥವಾ ನೆಟ್ ಬ್ಯಾಂಕಿಂಗ್‌ನಲ್ಲಿ ಖಾತೆಯಿಂದ ಖಾತೆಗೆ ದುಡ್ಡು ಕಳಿಸಲು ಎರಡು ದಾರಿ ಇವೆ: ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆ, ಭಾನುವಾರವೂ ನಡೆಯುತ್ತವೆ. ಆರ್‌ಟಿಜಿಎಸ್‌ಗೆ ಕನಿಷ್ಠ 2 ಲಕ್ಷ ಇರಬೇಕು, ನಿಮ್ಮದು 2,40,000, ಸರಿಹೋಗುತ್ತದೆ. ಯುಪಿಐನಲ್ಲಿ ಸಾಮಾನ್ಯವಾಗಿ ಒಬ್ಬರು ಇನ್ನೊಬ್ಬರಿಗೆ ದಿನಕ್ಕೆ 1 ಲಕ್ಷ ಮಾತ್ರ, ಅಡ್ವಾನ್ಸಿಗೆ ಸಾಕು. ಒಂದು ಮಾತು ನೆನಪಿಡಿ, ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ದೊಡ್ಡ ಮೊತ್ತ ಕಳಿಸಲು ಬಹಳ ಬ್ಯಾಂಕುಗಳು ಬಿಡುವುದಿಲ್ಲ. ಆದ್ದರಿಂದ ಅಪ್ಪನ ಖಾತೆ ನಂಬರ್, ಐಎಫ್‌ಎಸ್‌ಸಿ ಎರಡು ದಿನ ಮುಂಚೆ ಕೊಟ್ಟು, 1 ರೂಪಾಯಿ ಕಳಿಸಿ ನೋಡಲು ಹೇಳಿ.

ಅಷ್ಟು ಬಿಟ್ಟು ಬೇರೇನೂ ಕೊಡಬೇಡಿ. ದುಡ್ಡು ಬರುವುದಕ್ಕೆ ಪಿನ್ ಒತ್ತಬೇಕಾಗಿಲ್ಲ, ಓಟಿಪಿ ಹೇಳಬೇಕಾಗಿಲ್ಲ, ಯಾವ ಕ್ಯೂಆರ್ ಕೋಡನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಹಾಗೆ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ದುಡ್ಡು ಕೊಳ್ಳುವವರ ಸ್ವಂತ ಖಾತೆಯಿಂದಲೇ ಬರಬೇಕು. ಸ್ನೇಹಿತ ಹಾಕುತ್ತಾನೆ, ಮಾವ ಹಾಕುತ್ತಾರೆ ಅಂದರೆ ಒಪ್ಪಬೇಡಿ. ಅದು ಯಾರದೋ ಮೋಸದ ದುಡ್ಡಾಗಿದ್ದರೆ, ಬೇರೆ ಊರಿನ ದೂರಿಗೆ ನಿಮ್ಮಪ್ಪನ ಖಾತೆ ಫ್ರೀಜ್ ಆಗುತ್ತದೆ. ಆಮೇಲೆ ಬಿಡಿಸಿಕೊಳ್ಳಲು ಅಲೆದಾಡುವವರ ಪಾಡು ನೋಡಲು ಆಗುವುದಿಲ್ಲ. ತಪ್ಪಿ 20,000 ಜಾಸ್ತಿ ಹಾಕಿದೆ, ವಾಪಸ್ ಕಳಿಸಿ ಅಂತ ಫೋನ್ ಬಂದರೂ ಅಷ್ಟೇ, ಮೊದಲು ಬ್ಯಾಂಕಿಗೆ ಬನ್ನಿ.

ನಿಮ್ಮ ಕಡೆ ನೆಟ್‌ವರ್ಕ್ ಇಲ್ಲ, ಅಪ್ಪನಿಗೆ ಮೆಸೇಜ್ ಇಲ್ಲ ಅಂದ ಮೇಲೆ ಮನೆಯಲ್ಲಿ ವ್ಯವಹಾರ ಮಾಡುವುದೇ ಬೇಡ. ಸೋಮವಾರ ಬೆಳಿಗ್ಗೆ ಅಪ್ಪನ ಶಾಖೆಗೆ ಕರೆಸಿ. ಅಲ್ಲೇ ಕೂತು ಕಳಿಸಲಿ, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬಿದ್ದ ಮೇಲೆ ಕೀ ಕೊಡಿ. ನೆಫ್ಟ್ ಆದರೆ ಅರ್ಧ ಗಂಟೆಗೊಂದು ಬ್ಯಾಚ್, ಕೆಲವು ಸಲ ಇನ್ನೂ ತಡ ಆಗುತ್ತದೆ, ಕಾಯಿರಿ. ಯುಟಿಆರ್ ನಂಬರ್ (ಹಣ ಕಳಿಸಿದ್ದಕ್ಕೆ ಸಿಗುವ ಗುರುತಿನ ಸಂಖ್ಯೆ) ತೋರಿಸಿದರು ಅಂತ ಎದ್ದು ಬರಬೇಡಿ.

ಬೇಲೂರು ರಸ್ತೆ

ದುಡ್ಡಿನ ಕಥೆ ಅವರು ಹೇಳಿದರು. ಕಾಗದದ ಕಡೆ ನಾನು ಸೇರಿಸುತ್ತೇನೆ. ಗಾಡಿಯನ್ನು ಕೊಳ್ಳುವವರ ಹೆಸರಿಗೆ ಮಾಡಿಸುವ ಫಾರಂ 29, 30 ಖಾಲಿ ಬಿಟ್ಟು ಸಹಿ ಮಾಡಿ ಕೊಡುವುದು ನಮ್ಮ ಕಡೆ ಮಾಮೂಲು, ಅದನ್ನು ಮಾಡಬೇಡಿ. ಕೊಳ್ಳುವವರ ಹೆಸರು, ವಿಳಾಸ, ತಾರೀಕು ತುಂಬಿಸಿ, ಫೋಟೊ ತೆಗೆದು ಇಟ್ಟುಕೊಳ್ಳಿ. ಡೆಲಿವರಿ ನೋಟಿನಲ್ಲಿ ಗಂಟೆ ನಿಮಿಷ ಸಮೇತ ಬರೆಯಿರಿ, ಅವತ್ತೇ ದಾರಿಯಲ್ಲಿ ಆಕ್ಸಿಡೆಂಟ್ ಆದರೆ ಆ ಸಮಯ ಬೇಕಾಗುತ್ತದೆ. ಅವರ ಆಧಾರ್, ಡಿಎಲ್ ಜೆರಾಕ್ಸ್ ಮೇಲೆ ಅವರದೇ ಸಹಿ ಹಾಕಿಸಿ.

ರಾಜ್ಯದ ಒಳಗೇ ಮಾರಿದರೆ 14 ದಿನದಲ್ಲಿ ಆರ್‌ಟಿಓಗೆ ತಿಳಿಸುವುದು ಮಾರಿದವರ ಜವಾಬ್ದಾರಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ಕೇಸಿನಲ್ಲಿ ಗಾಡಿ ಎಷ್ಟೋ ಕೈ ದಾಟಿತ್ತು, ಆದರೂ ಮೊದಲನೇ ಮಾಲೀಕನ ತಲೆಗೇ ಬಂತು. ಟ್ರಾನ್ಸ್‌ಫರ್ ಆಗುವ ತನಕ ಒಂದಿಷ್ಟು ದುಡ್ಡು ಹಿಡಿದಿಟ್ಟುಕೊಳ್ಳುತ್ತೇನೆ, ಆರ್‌ಸಿ ಬದಲಾದ ದಿನ ವಾಪಸ್ ಕೊಡುತ್ತೇನೆ ಅಂತ ಮೊದಲೇ ಮಾತಾಡಿ. ನಾನು 10,000 ಹಿಡಿದಿದ್ದೆ, ಅವರಾಗಿಯೇ ಓಡಾಡಿ ಬೇಗ ಮಾಡಿಸಿಕೊಂಡರು.

ಆಲ್ದೂರು ಕಣ

ತುಂಬಾ ಥ್ಯಾಂಕ್ಸ್. ಅಣ್ಣನ ಆಲ್ಟೊ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ. ಆಮೇಲೆ ಅವರೇ ಫೋನ್ ತಗೊಂಡು, "ಸೋಮವಾರ ಬನ್ನಿ, ಬ್ಯಾಂಕಿನಲ್ಲೇ ಸಿಗೋಣ, ಊಟ ನಮ್ಮನೆಯಲ್ಲಿ" ಅಂದರು. ಆ ಕಡೆಯವರು ಒಂದು ದಿನ ರಜೆ ಹಾಕಬೇಕಲ್ಲ ಅಂತ ಸ್ವಲ್ಪ ಗೊಣಗಿ ಒಪ್ಪಿದರು. ನಾಳೆ 1 ರೂಪಾಯಿ ಕಳಿಸುತ್ತಾರಂತೆ. ಆಗಿದ್ದು ಹೇಳುತ್ತೇನೆ.

ಆಲ್ದೂರು ಕಣ

ಇವತ್ತು ಆಯಿತು. ಅವರು ಹತ್ತೂವರೆಗೇ ಬಂದಿದ್ದರು. ಅಲ್ಲೇ ಬೆಂಚಿನ ಮೇಲೆ ಕೂತು ಆರ್‌ಟಿಜಿಎಸ್ ಮಾಡಿದರು. ಅವರ ಫೋನಿನಲ್ಲಿ ಸಕ್ಸಸ್ ಅಂತ ಬಂತು, ನಮ್ಮ ಖಾತೆಯಲ್ಲಿ ಇನ್ನೂ ಇರಲಿಲ್ಲ. ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ, ನನಗಂತೂ ಕೈ ಬೆವರಿತು. ಆಮೇಲೆ ಪಾಸ್‌ಬುಕ್ ಪ್ರಿಂಟ್ ಹಾಕಿಸಿದೆವು. ಅಪ್ಪ ಕನ್ನಡಕ ಹಾಕಿಕೊಂಡು, ಆ ಸಾಲಿನ ಕೆಳಗೆ ಬೆರಳಿಟ್ಟು, ಕಳಿಸಿದವರ ಹೆಸರು ಎರಡು ಸಲ ಓದಿದರು. ಆಮೇಲೆ ಡೆಲಿವರಿ ನೋಟಿಗೆ ಸಹಿ ಹಾಕಿ ಜೇಬಿನಿಂದ ಕೀ ತೆಗೆದು ಕೊಟ್ಟರು. 10,000ವನ್ನು ಟ್ರಾನ್ಸ್‌ಫರ್ ಆದ ಮೇಲೆ ವಾಪಸ್ ಕೊಡುವುದು ಅಂತ ಅದರಲ್ಲೇ ಬರೆದಿದ್ದೇವೆ. ಆರ್‌ಟಿಓಗೆ ನಾಳೆ ಹೋಗುತ್ತೇವೆ.

ಗಾಡಿ ಹೊರಟ ಮೇಲೆ ನೆನಪಾಯಿತು, ಗ್ಲಾಸಿನ ಮೇಲಿದ್ದ ಫಾಸ್ಟ್‌ಟ್ಯಾಗ್ ತೆಗೆದಿಲ್ಲ. ಅದು ಅಪ್ಪನ ಹೆಸರಲ್ಲೇ ಇದೆ. ಏನು ಮಾಡಲಿ?

ಕೌಂಟರ್ ಆಚೆಯಿಂದ

ಟ್ಯಾಗ್ ಕೊಟ್ಟ ಬ್ಯಾಂಕಿನ ಕಸ್ಟಮರ್ ಕೇರ್‌ಗೆ ಈಗಲೇ ಫೋನ್ ಮಾಡಿ, ಗಾಡಿ ಮಾರಿದ್ದೇವೆ ಅಂತ ಹೇಳಿ ಕ್ಲೋಸ್ ಮಾಡಿಸಿ. ಉಳಿದ ದುಡ್ಡು ವಾಪಸ್ ಬರುತ್ತದೆ. ಗಾಡಿ ತಗೊಂಡವರಿಗೂ ಒಂದು ಫೋನ್ ಮಾಡಿ ತಿಳಿಸಿಬಿಡಿ, ಪಾಪ, ಹಾಸನ ದಾಟಿ ಟೋಲ್ ಹತ್ತಿರ ನಿಂತುಕೊಳ್ಳುವ ಹಾಗೆ ಆಗಬಾರದು.